ಪಂಜರದೊಳಗಣ ಇಕ್ಕಟ್ಟೂ ಲಾವಕ್ಕಿಯ ಮೊಟ್ಟೆಯ ಹುಟ್ಟುವಳಿಯೂ

ಮೊಟ್ಟೆಗಾಗಿ ಲಾವಕ್ಕಿಗಳನ್ನು ಸಾಕಲು ಹೊರಟ ಗೃಹಸ್ಥರು ಪಂಜರವನ್ನು ಕೊಂಡೊಡನೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಯು, ಇದರಲ್ಲಿ ಎಷ್ಟು ಹಕ್ಕಿಗಳು ಹಿಡಿಸುತ್ತವೆ ಎಂಬುದಾಗಿದೆ. ಎಷ್ಟು ಹಕ್ಕಿಗಳನ್ನಿಟ್ಟರೆ ಹಾಕಿದ ಮೇವಿಗೆ ತಕ್ಕ ಮೊಟ್ಟೆ ದೊರೆಯುವುದು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಎರಡು ಪ್ರಶ್ನೆಗಳಿಗೆ ಉತ್ತರವು ಒಂದೇ ಅಲ್ಲ. ಮೊದಲನೆಯದಕ್ಕೆ ಪಂಜರವನ್ನು ಮಾರುವವನು ಉತ್ತರ ಹೇಳಬಲ್ಲನು. ಎರಡನೆಯದಕ್ಕೆ ಹಕ್ಕಿಯೇ ಉತ್ತರ ಹೇಳಬೇಕು. ಹಕ್ಕಿಯು ಹೇಳುವ ಉತ್ತರವಾದರೋ ದಿನದ ಬುಟ್ಟಿಯಲ್ಲಿ ಸುಲಭವಾಗಿ ಕಾಣತಕ್ಕದ್ದಲ್ಲ. ಹಕ್ಕಿಗಳು ಹೆಚ್ಚಿದಂತೆಲ್ಲ ಬುಟ್ಟಿಯೂ ಕೆಲಕಾಲ ತುಂಬುತ್ತಲೇ ಹೋಗುವುದರಿಂದ, ನಷ್ಟವು ಲಾಭದ ವೇಷವನ್ನು ಹಾಕಿಕೊಂಡೇ ಬರುತ್ತದೆ. ಅದನ್ನು ಗುರುತಿಸುವ ಬಗೆಯನ್ನು ಮುಂದೆ ವಿವರಿಸಲಾಗಿದೆ.

ಹಕ್ಕಿಯ ಪರಿಚಯ

ಮಳೆಗಾಲದಲ್ಲಿ ಜೋಳದ ಹೊಲಗಳಲ್ಲಿಯೂ ಹುಲ್ಲುಗಾವಲುಗಳಲ್ಲಿಯೂ ಕೂಗು ಕೇಳಿಸುವ ಕಾಡು ಲಾವಕ್ಕಿಯು ಬೇರೆ. ಪಂಜರದಲ್ಲಿ ಸಾಕತಕ್ಕ ಹಕ್ಕಿಯು ಬೇರೆ. ಕಾಡು ಹಕ್ಕಿಗೆ 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಅದನ್ನು ಬಲೆಯೊಡ್ಡಿ ಹಿಡಿಯುವುದೂ ಮಾರುವುದೂ ಅಪರಾಧವೆಂಬುದನ್ನು ಗ್ರಾಮದ ಮುಖ್ಯಸ್ಥರು ತಮ್ಮ ಊರಿನವರಿಗೆ ತಿಳಿಯಹೇಳತಕ್ಕದ್ದು. ಸಾಕುವ ಹಕ್ಕಿಯು ಜಪಾನಿನ ಲಾವಕ್ಕಿ. ಪೇಟೆಯಲ್ಲಿ ಇದನ್ನು ಕ್ವೇಲ್ ಎಂದೂ ಗೌಜಲ ಹಕ್ಕಿಯೆಂದೂ ಕರೆಯುವುದುಂಟು. ಗೌಜಲವೆಂಬುದು ವಾಸ್ತವವಾಗಿ ಇದಕ್ಕಿಂತ ದೊಡ್ಡದಾದ ಬೇರೊಂದು ಹಕ್ಕಿಯ ಹೆಸರಾದರೂ ಬಳಕೆಯನ್ನು ತಡೆಯುವವರಾರು? ಜಪಾನಿನಲ್ಲಿ ಮೊದಲು ಕೂಗಿನ ಇಂಪಿಗಾಗಿ ಸಾಕುತ್ತಿದ್ದ ಈ ಹಕ್ಕಿಯನ್ನು ಇಪ್ಪತ್ತನೆಯ ಶತಮಾನದ ಆದಿಭಾಗದಿಂದ ಮೊಟ್ಟೆಗಾಗಿಯೂ ಮಾಂಸಕ್ಕಾಗಿಯೂ ಬೆಳೆಸತೊಡಗಿದರು. ಭಾರತಕ್ಕೆ ಇದು 1974ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯದಿಂದ ಬಂದಿತು. ಉತ್ತರ ಪ್ರದೇಶದ ಬರೇಲಿಯ ಬಳಿಯ ಇಜ್ಜತ್‌ನಗರದಲ್ಲಿ ತಳಿಯ ಸುಧಾರಣೆಯ ಕಾರ್ಯವು ನಡೆದು, ಅಲ್ಲಿಂದ ದೇಶದ ನಾನಾ ಭಾಗಗಳಿಗೆ ಹರಡಿತು.

ಈ ಹಕ್ಕಿಯು ಚಿಕ್ಕದು. ಆದರೆ ಅದರ ದುಡಿಮೆಯು ದೊಡ್ಡದು. ಮರಿಯೊಡೆದ ಆರೇಳು ವಾರಗಳಲ್ಲಿಯೇ ಹೆಣ್ಣು ಮೊಟ್ಟೆಯಿಡಲಾರಂಭಿಸುತ್ತದೆ. ಚೆನ್ನಾಗಿ ನೋಡಿಕೊಂಡಲ್ಲಿ ವರ್ಷಕ್ಕೆ 250ರಿಂದ 300ರವರೆಗೆ ಮೊಟ್ಟೆಗಳನ್ನು ಕೊಡಬಲ್ಲದು. ಒಂದೊಂದು ಮೊಟ್ಟೆಯು 10ರಿಂದ 12 ಗ್ರಾಮು ತೂಗುವುದು. ಹಕ್ಕಿಯ ಮೈತೂಕಕ್ಕೆ ಹೋಲಿಸಿದರೆ ಇದು ನೂರಕ್ಕೆ ಏಳೆಂಟು ಪಾಲು. ಕೋಳಿಯ ಮೊಟ್ಟೆಯಾದರೋ ಕೋಳಿಯ ತೂಕದ ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಇಷ್ಟು ಚಿಕ್ಕ ಒಡಲಿನಿಂದ ದಿನವೂ ಇಷ್ಟು ಹುಟ್ಟುವಳಿಯನ್ನು ತೆಗೆಯುವಾಗ, ಮೇವು, ನೀರು, ಗಾಳಿ, ನೆಮ್ಮದಿ ಇವುಗಳಲ್ಲಿ ಯಾವುದೊಂದು ಕೊರತೆಯಾದರೂ ಅದರ ಪರಿಣಾಮವು ಒಡನೆಯೇ ಮೊಟ್ಟೆಯ ಮೇಲೆ ಕಾಣುವುದು. ಇಕ್ಕಟ್ಟಿನಲ್ಲಿ ಈ ನಾಲ್ಕೂ ಒಟ್ಟಿಗೆ ಕೊರೆಯಾಗುತ್ತವೆ.

ಸ್ಥಳದ ಅಳತೆ

ಮೊಟ್ಟೆಯಿಡುವ ಲಾವಕ್ಕಿಗೆ ಪಂಜರದಲ್ಲಿ ಒಂದೊಂದಕ್ಕೆ 180ರಿಂದ 200 ಚದರ ಸೆಂಟಿಮೀಟರು ನೆಲವನ್ನು ಬಿಡುವುದು ಒಳ್ಳೆಯ ರೂಢಿ. ಒಂದು ಚದರಡಿಗೆ ಸುಮಾರು 929 ಚದರ ಸೆಂಟಿಮೀಟರು ಆಗುವುದರಿಂದ, ಚದರಡಿಗೆ ಐದು ಹಕ್ಕಿಗಳೆಂದು ಲೆಕ್ಕವಿಟ್ಟುಕೊಂಡರೆ ನೆನಪಿಗೆ ಸುಲಭ. ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲವುಳ್ಳ ಪಂಜರದ ನೆಲವು ಹತ್ತು ಚದರಡಿ. ಅದರಲ್ಲಿ 50 ಹಕ್ಕಿಗಳಿದ್ದರೆ ಒಂದೊಂದಕ್ಕೆ 186 ಚದರ ಸೆಂಟಿಮೀಟರು ದೊರೆಯುವುದು. 60 ಇದ್ದರೆ 155. 70 ಇದ್ದರೆ 133 ಮಾತ್ರ. ಅಂಗೈಯಗಲವನ್ನು ಅಳೆದು ನೋಡಿದರೆ ಈ ಕೊನೆಯ ಅಂಕಿಯು ಎಂತಹ ಇಕ್ಕಟ್ಟೆಂಬುದು ಮನಸ್ಸಿಗೆ ಬರುವುದು.

ಆದರೆ ನೆಲದ ವಿಸ್ತಾರವೊಂದನ್ನೇ ನೋಡಿದರೆ ಸಾಲದು. ಹಕ್ಕಿಗೆ ಮೇವು ಸಿಕ್ಕುವುದು ತೊಟ್ಟಿಯ ಉದ್ದದಿಂದಲೇ ಹೊರತು ನೆಲದ ವಿಸ್ತಾರದಿಂದಲ್ಲ. ಪ್ರತಿಯೊಂದು ಹಕ್ಕಿಗೂ ತೊಟ್ಟಿಯಲ್ಲಿ ಸುಮಾರು ಒಂದು ಅಂಗುಲದಷ್ಟಾದರೂ ಎಡೆಯಿರಬೇಕು. ಮೇಲೆ ಹೇಳಿದ ಪಂಜರದ ಮುಂಗಡೆಯಲ್ಲಿ ಮಾತ್ರ ತೊಟ್ಟಿಯಿದ್ದರೆ ಅದರ ಉದ್ದವು 48 ಅಂಗುಲ. ಎಂದರೆ 50 ಹಕ್ಕಿಗಳಿಗೇ ಅದು ಸಾಲದು, 70ರ ಮಾತಂತಿರಲಿ. ಇದಕ್ಕೆ ಬದಲಾಗಿ ಎರಡಡಿ ಉದ್ದ ಒಂದಡಿ ಅಗಲದ ಸಣ್ಣ ಪಂಜರಗಳಲ್ಲಿ ಹತ್ತು ಹತ್ತು ಹಕ್ಕಿಗಳನ್ನು ಇಟ್ಟರೆ, ಒಂದೊಂದಕ್ಕೆ ದೊರೆಯುವ ನೆಲವು ಅದೇ 186 ಚದರ ಸೆಂಟಿಮೀಟರು. ತೊಟ್ಟಿಯ ಎಡೆಯಾದರೋ ಎರಡು ಅಂಗುಲಕ್ಕೆ ಮೀರುವುದು. ಮೊಟ್ಟೆಯ ಹಕ್ಕಿಗಳನ್ನು ಹತ್ತು ಹನ್ನೆರಡರ ಸಣ್ಣ ಗುಂಪುಗಳಲ್ಲಿ ಇಡಬೇಕೆಂದು ಬಲ್ಲವರು ಹೇಳುವುದಕ್ಕೆ ಇದೂ ಒಂದು ಕಾರಣ. ದೊಡ್ಡ ಪಂಜರವನ್ನು ಆಗಲೇ ಮಾಡಿಸಿದವರು ಹಿಂಗಡೆಯಲ್ಲಿಯೂ ಒಂದು ತೊಟ್ಟಿಯನ್ನು ಕಟ್ಟಿಸುವುದು ಲೇಸು.

ಪಂಜರವನ್ನು ಎತ್ತರಿಸಿದರೆ ಇಕ್ಕಟ್ಟು ಕಡಮೆಯಾಗುವುದೆಂದು ಕೆಲವರು ಭಾವಿಸುತ್ತಾರೆ. ಇದು ತಪ್ಪು. ಲಾವಕ್ಕಿಯು ಬೆದರಿದಾಗ ನೆಟ್ಟಗೆ ಮೇಲಕ್ಕೆ ಚಿಮ್ಮುವ ಸ್ವಭಾವವುಳ್ಳದ್ದು. ಚಾವಣಿಯು ಒಂದಡಿ ಒಂದೂವರೆ ಅಡಿ ಎತ್ತರವಿದ್ದರೆ ವೇಗದಿಂದ ಹೋಗಿ ತಲೆಯನ್ನು ಒಡೆದುಕೊಳ್ಳುವುದು. ಎಂಟು ಹತ್ತು ಅಂಗುಲದ ಎತ್ತರವೇ ಮೊಟ್ಟೆಯ ಹಕ್ಕಿಗಳಿಗೆ ಸಾಕು.

ಇಕ್ಕಟ್ಟಿನಿಂದ ಮೊಟ್ಟೆಯು ಕಡಮೆಯಾಗುವ ಬಗೆ

ಇಕ್ಕಟ್ಟಾದ ಪಂಜರದಲ್ಲಿ ಎಲ್ಲ ಹಕ್ಕಿಗಳೂ ಒಂದೇ ಸಮನಾಗಿ ಸೊರಗುವುದಿಲ್ಲ. ಬಲವಾದ ಹಕ್ಕಿಗಳು ತೊಟ್ಟಿಯ ಬಳಿಯಲ್ಲಿ ನಿಂತುಬಿಡುತ್ತವೆ. ಬಡಹಕ್ಕಿಗಳು ಹಿಂದೆ ಸರಿಯುತ್ತವೆ. ಪಂಜರದ ಒಟ್ಟು ಮೇವು ಲೆಕ್ಕಕ್ಕೆ ಸರಿಯಾಗಿಯೇ ಖರ್ಚಾಗಿದ್ದರೂ, ಹಿಂದೆ ಉಳಿದ ಕೆಲವು ಹಕ್ಕಿಗಳು ದಿನಕ್ಕೆ ಬೇಕಾದ 20ರಿಂದ 25 ಗ್ರಾಮುಗಳಷ್ಟು ತಿಂದಿರುವುದಿಲ್ಲ. ಅವು ಮೊಟ್ಟೆಯನ್ನು ನಿಲ್ಲಿಸಿ, ತಮ್ಮ ಜೀವವನ್ನು ಉಳಿಸಿಕೊಳ್ಳುವಷ್ಟನ್ನು ಮಾತ್ರ ತಿನ್ನುತ್ತ ಪಂಜರದಲ್ಲಿ ಬರಿದೆ ಸ್ಥಳವನ್ನು ಆಕ್ರಮಿಸಿಕೊಂಡಿರುತ್ತವೆ. ಇಂತಹವುಗಳನ್ನು ದೂರದಿಂದ ನೋಡಿ ಗುರುತಿಸುವುದು ಕಷ್ಟ. ಹಕ್ಕಿಯನ್ನು ಕೈಯಲ್ಲಿ ಹಿಡಿದು ಎದೆಮೂಳೆಯನ್ನು ಸವರಿ ನೋಡಿದರೆ ಅದು ಚೂಪಾಗಿ ಬೆರಳಿಗೆ ಹತ್ತುವುದು.

ಇದರ ಮೇಲೆ, ಒತ್ತೊತ್ತಾಗಿರುವ ಹಕ್ಕಿಗಳು ಒಂದನ್ನೊಂದು ಕುಕ್ಕುತ್ತವೆ. ಬೆನ್ನಿನ ಮತ್ತು ಹಿಂಬದಿಯ ಗರಿಗಳು ಉದುರುತ್ತವೆ. ರಕ್ತವು ಕಂಡರಂತೂ ಗುಂಪೆಲ್ಲವೂ ಆ ಒಂದರ ಮೇಲೆ ಬೀಳುವುದು. ಕೆಳಗಣ ತಟ್ಟೆಯಲ್ಲಿ ಹಿಕ್ಕೆಯು ಬೇಗ ತುಂಬಿ, ಮೂಗಿಗೆ ಚುರುಗುಟ್ಟುವ ಅಮೋನಿಯಾ ವಾಯುವು ಏಳುವುದು. ಮನುಷ್ಯನು ಬಾಗಿಲಲ್ಲಿ ನಿಂತು ಅದರ ವಾಸನೆಯನ್ನು ಕಂಡನೆಂದರೆ, ಹಿಕ್ಕೆಗೆ ಗೇಣುದೂರದಲ್ಲಿ ಮೂಗಿಟ್ಟುಕೊಂಡಿರುವ ಹಕ್ಕಿಯ ಕಣ್ಣಿಗೂ ಶ್ವಾಸಕೋಶಕ್ಕೂ ಅದು ಆಗಲೇ ಬಾಧೆ ಕೊಡುತ್ತಿದೆಯೆಂದು ತಿಳಿಯತಕ್ಕದ್ದು.

ಬೇಸಗೆಯಲ್ಲಿ ಈ ಬಾಧೆಗಳೆಲ್ಲವೂ ಇಮ್ಮಡಿಸುತ್ತವೆ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಮೈಯ ಸೆಕೆಯನ್ನು ಉಸಿರಿನ ಮೂಲಕವೂ, ರೆಕ್ಕೆಗಳನ್ನು ಸಡಿಲಿಸಿ ಗಾಳಿಯಾಡಿಸುವುದರ ಮೂಲಕವೂ ಹೊರಹಾಕಬೇಕು. ರೆಕ್ಕೆಯನ್ನು ಸಡಿಲಿಸಲು ಎಡೆಯೇ ಇಲ್ಲದಿದ್ದರೆ ಹಕ್ಕಿಯು ಮಾಡುವುದೇನು? ಪಕ್ಕದ ಹಕ್ಕಿಯ ಮೈಬಿಸಿಯೂ ತನ್ನದರೊಡನೆ ಸೇರುವುದು. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಗಳಲ್ಲಿ ಏಪ್ರಿಲ್ ಮೇ ತಿಂಗಳುಗಳ ಹಗಲು 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವಾಗ, ಮಲೆನಾಡಿನ ತಂಪಿನಲ್ಲಿ ಸರಿಹೋದ ಸಂಖ್ಯೆಯನ್ನೇ ಅಲ್ಲಿಯೂ ಇಡುವುದು ವಿವೇಕವಲ್ಲ. ಅಂತಹ ಸೀಮೆಗಳಲ್ಲಿ ಬೇಸಗೆಗೆ ಮುಂಚೆಯೇ 50 ಹಕ್ಕಿಗಳ ಪಂಜರದಿಂದ ಐದನ್ನು ತೆಗೆದುಬಿಟ್ಟರೆ, ಉಳಿದವುಗಳಿಗೆ ತಲಾ 206 ಚದರ ಸೆಂಟಿಮೀಟರು ದೊರೆಯುವುದು.

ಲೆಕ್ಕದ ಕ್ರಮ

ಈಗ ನಷ್ಟವು ಅಡಗಿರುವ ಸ್ಥಳವನ್ನು ನೋಡೋಣ. ಮುಂದೆ ಬರುವ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಕಲ್ಪಿಸಿದವು. ಯಾವುದೊಂದು ಪ್ರಯೋಗದ ಫಲಗಳಲ್ಲ. ಪ್ರತಿಯೊಬ್ಬರೂ ಇವುಗಳ ಸ್ಥಾನದಲ್ಲಿ ತಮ್ಮ ಪಂಜರದ ಅಂಕಿಗಳನ್ನು ಇಟ್ಟು ನೋಡಿಕೊಳ್ಳತಕ್ಕದ್ದು.

ಹತ್ತು ಚದರಡಿಯ ಪಂಜರದಲ್ಲಿ 50 ಹೆಣ್ಣುಗಳಿದ್ದು, ದಿನಕ್ಕೆ ನೂರಕ್ಕೆ 80ರಂತೆ ಮೊಟ್ಟೆಯಿಡುತ್ತವೆಯೆಂದು ಭಾವಿಸೋಣ. ದಿನದ ಮೊಟ್ಟೆ 40. ಹಕ್ಕಿಗೆ 25 ಗ್ರಾಮಿನಂತೆ ಮೇವು 1250 ಗ್ರಾಮು. ನೂರರಲ್ಲಿ ಮೂರು ಮೊಟ್ಟೆಗಳು ಒಡೆದು ಹೋದರೆ ಮಾರಾಟಕ್ಕೆ ಉಳಿಯುವುದು ಸರಾಸರಿ 38.8. ಎಂದರೆ ಮಾರತಕ್ಕ ಮೊಟ್ಟೆಯೊಂದಕ್ಕೆ ಸುಮಾರು 32 ಗ್ರಾಮು ಮೇವು ಬಿದ್ದಂತಾಯಿತು.

ಆ ಪಂಜರಕ್ಕೆ ಇನ್ನೂ ಹತ್ತು ಹಕ್ಕಿಗಳನ್ನು ಸೇರಿಸಿದರೆಂದುಕೊಳ್ಳಿ. ಇಕ್ಕಟ್ಟಿನ ದೆಸೆಯಿಂದ ಇಡುವಿಕೆಯು ನೂರಕ್ಕೆ 74ಕ್ಕೆ ಇಳಿಯಿತು. ಒಡೆಯುವಿಕೆಯು ನೂರಕ್ಕೆ ಆರಕ್ಕೆ ಏರಿತು. ದಿನದ ಮೊಟ್ಟೆ 44.4, ಮಾರಾಟಕ್ಕೆ ಉಳಿದದ್ದು 41.7. ಬುಟ್ಟಿಯಲ್ಲಿ ಸುಮಾರು ಮೂರು ಮೊಟ್ಟೆಗಳು ಹೆಚ್ಚಾದುದನ್ನು ಕಂಡು ಯಜಮಾನನು ಸಂತೋಷಪಡುವನು. ಆದರೆ ಆ ಮೂರು ಮೊಟ್ಟೆಗಳಿಗಾಗಿ ಹಾಕಿದ ಹೆಚ್ಚಿನ ಮೇವು 250 ಗ್ರಾಮು. ಒಂದೊಂದಕ್ಕೆ 86 ಗ್ರಾಮಿನಷ್ಟು ಬಿತ್ತು. ಮೊದಲಿನ ಮೊಟ್ಟೆಗಳಿಗೆ ತಗುಲಿದ ಮೇವಿನ ಎರಡೂವರೆಯಷ್ಟಕ್ಕಿಂತ ಇದು ಹೆಚ್ಚು. ಆ ಹತ್ತು ಹಕ್ಕಿಗಳನ್ನು ಕೊಂಡ ಕ್ರಯವನ್ನು ಇದರಲ್ಲಿ ಸೇರಿಸಿಲ್ಲ.

ಇನ್ನೂ ಹತ್ತನ್ನು ಸೇರಿಸಿ 70 ಮಾಡಿದರೆ? ಇಡುವಿಕೆಯು ನೂರಕ್ಕೆ 64, ಒಡೆಯುವಿಕೆಯು ನೂರಕ್ಕೆ ಹತ್ತು ಎಂದಿಟ್ಟುಕೊಂಡರೆ ದಿನದ ಮೊಟ್ಟೆ 44.8, ಮಾರಾಟಕ್ಕೆ 40.3. ಮತ್ತೆ 250 ಗ್ರಾಮು ಮೇವನ್ನು ಹಾಕಿದ ಮೇಲೆ ಮಾರತಕ್ಕ ಮೊಟ್ಟೆಯು ಕಡಮೆಯಾಯಿತು! ಸತ್ತ ಹಕ್ಕಿಗಳನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಇದರಿಂದ ಪಂಜರವನ್ನು ಅರ್ಧ ಖಾಲಿಯಾಗಿಡಬೇಕೆಂದು ಯಾರೂ ತಿಳಿಯಬಾರದು. ಮನೆಯ ಬಾಡಿಗೆ, ದೀಪ, ಆಳಿನ ಕೂಲಿ, ಪಂಜರದ ಬಂಡವಾಳ ಇವೆಲ್ಲವೂ ಹಕ್ಕಿಗಳ ಮೇಲೆಯೇ ಹಂಚಿಬೀಳತಕ್ಕವು. ಹಕ್ಕಿಗೆ 250 ಚದರ ಸೆಂಟಿಮೀಟರು ಬಿಟ್ಟವನಿಗೆ ಹಕ್ಕಿಯೊಂದಕ್ಕೆ ಮೊಟ್ಟೆಯು ತುಸು ಹೆಚ್ಚಾಗಿ ಬರಬಹುದಾದರೂ, ಆ ಹೆಚ್ಚಳವು ಖಾಲಿ ಸ್ಥಳದ ಖರ್ಚನ್ನು ತುಂಬಿಕೊಡುವುದು ಅಪೂರ್ವ. ಹಕ್ಕಿಯೊಂದರ ಮೊಟ್ಟೆಯನ್ನು ಮಾತ್ರ ನೋಡುವವನೂ, ಪಂಜರವೊಂದರ ಮೊಟ್ಟೆಯನ್ನು ಮಾತ್ರ ನೋಡುವವನೂ ಇಬ್ಬರೂ ತಪ್ಪುವರು. ಕಡೆಯದಾಗಿ ಸೇರಿಸಿದ ಹತ್ತು ಹಕ್ಕಿಗಳು ತಮ್ಮ ಮೇವಿನ ಕ್ರಯವನ್ನು ತಾವೇ ದುಡಿದುಕೊಟ್ಟವೋ ಇಲ್ಲವೋ ಎಂಬುದೊಂದೇ ಇಲ್ಲಿ ಕೇಳತಕ್ಕ ಪ್ರಶ್ನೆ.

ಮೊಟ್ಟೆಯ ಗುಣ

ಇಕ್ಕಟ್ಟಿನ ದೋಷವು ಮೊಟ್ಟೆಯ ಒಳಗಿಗಿಂತ ಹೊರಗೇ ಹೆಚ್ಚಾಗಿ ಕಾಣುವುದು. ಮೊಟ್ಟೆಯ ಬಿಳಿಯ ಭಾಗದ ಗಟ್ಟಿತನವನ್ನು ಅಳೆಯಲು 1937ರಲ್ಲಿ ಅಮೆರಿಕೆಯ ರೇಮಂಡ್ ಹಾ ಎಂಬಾತನು ಒಂದು ಮಾನವನ್ನು ಏರ್ಪಡಿಸಿದನು. ಮೊಟ್ಟೆಯನ್ನು ತೂಗಿ, ಸಮತಟ್ಟಾದ ಗಾಜಿನ ಮೇಲೆ ಒಡೆದು, ಹಳದಿಯ ಸುತ್ತಲಿನ ಗಟ್ಟಿ ಬಿಳಿಯು ಎಷ್ಟು ಎತ್ತರವಾಗಿ ನಿಲ್ಲುವುದೆಂಬುದನ್ನು ಅಳೆದು ಈ ಮಾನವನ್ನು ಕಟ್ಟುತ್ತಾರೆ. ಹಳೆಯ ಮೊಟ್ಟೆಯ ಬಿಳಿಯು ನೀರಿನಂತೆ ಹರಡುವುದೆಂಬುದನ್ನು ಮನೆಯ ಹೆಂಗಸರೆಲ್ಲರೂ ಬಲ್ಲರು. ಮಾನವು ಅದಕ್ಕೆ ಅಂಕಿಯ ರೂಪವನ್ನು ಕೊಟ್ಟಿದೆ, ಅಷ್ಟೆ. ಈ ಗುಣವನ್ನು ಕೆಡಿಸುವುದರಲ್ಲಿ ಪಂಜರದ ಇಕ್ಕಟ್ಟಿಗಿಂತಲೂ ಮೊಟ್ಟೆಯ ಹಳೆತನವೂ ಇಟ್ಟ ಸ್ಥಳದ ಸೆಕೆಯೂ ಬಲವಾದುವು. ಒತ್ತಾಗಿ ಸಾಕಿದರೂ ಒಳಗಿನ ತಿರುಳು ಕೆಟ್ಟಿಲ್ಲವಲ್ಲ ಎಂದು ವಾದಿಸುವವರ ಮಾತು ಈ ಮಟ್ಟಿಗೆ ನಿಜ.

ಆದರೆ ಮಾರುಕಟ್ಟೆಗೆ ಹೋಗುವುದು ತಿರುಳಲ್ಲ, ಚಿಪ್ಪಿನೊಳಗಣ ತಿರುಳು. ಲಾವಕ್ಕಿಯ ಮೊಟ್ಟೆಯ ಚಿಪ್ಪು ಒಂದು ಮಿಲ್ಲಿಮೀಟರಿನ ಐದನೆಯ ಒಂದು ಪಾಲಿನಷ್ಟು ಮಾತ್ರ ದಪ್ಪವಾದುದು. ಪಂಜರದ ನೆಲವು ಮುಂದಕ್ಕೆ ಇಳಿಜಾರಾಗಿದ್ದು, ಇಟ್ಟ ಮೊಟ್ಟೆಯು ಉರುಳಿ ಹೊರಗಣ ದೋಣಿಗೆ ಬರಬೇಕು. ಕಾಲುಗಳು ಕಿಕ್ಕಿರಿದ ಪಂಜರದಲ್ಲಿ ಅದು ಉರುಳಲಾರದೆ ನಡುವೆಯೇ ನಿಂತು, ತುಳಿತಕ್ಕೂ ಕುಕ್ಕಿಗೂ ಸಿಕ್ಕಿ, ಹಿಕ್ಕೆ ಮೆತ್ತಿಕೊಂಡು ಬರುವುದು. ಒಮ್ಮೆ ಒಡೆದ ಮೊಟ್ಟೆಯ ರುಚಿಯನ್ನು ಕಂಡ ಹಕ್ಕಿಯು ಮೊಟ್ಟೆ ತಿನ್ನುವ ಚಾಳಿಯನ್ನು ಕಲಿಯುವುದು. ಕೂದಲೆಳೆಯಂತಹ ಬಿರುಕು ಲಾವಕ್ಕಿಯ ಮೊಟ್ಟೆಯ ಮಚ್ಚೆಗಳ ನಡುವೆ ಕಣ್ಣಿಗೆ ಬೀಳದೆ, ಕೊಂಡವನ ಮನೆಯಲ್ಲಿ ಕೊಳೆತು ಮಾರಿದವನ ಹೆಸರನ್ನು ಕೆಡಿಸುವುದು. ದೀಪಕ್ಕೆ ಹಿಡಿದು ನೋಡದೆ ಪೇಟೆಗೆ ಕಳುಹಿಸುವುದು ಯುಕ್ತವಲ್ಲ.

ಇದಲ್ಲದೆ ಚಿಪ್ಪು ಕಟ್ಟುವ ಹೊತ್ತೂ ಗಮನಿಸತಕ್ಕ ವಿಷಯ. ಕೋಳಿಯು ಸಾಮಾನ್ಯವಾಗಿ ಬೆಳಗಿನಲ್ಲಿ ಮೊಟ್ಟೆಯಿಟ್ಟರೆ ಲಾವಕ್ಕಿಯು ಬಹುಮಟ್ಟಿಗೆ ಮಧ್ಯಾಹ್ನ ಇಳಿದ ಮೇಲೆ, ಸಂಜೆಯ ವೇಳೆಗೆ ಇಡುವುದು. ಇಟ್ಟ ತರುವಾಯ ಮುಂದಿನ ಮೊಟ್ಟೆಯ ಕೆಲಸವು ಒಡಲಿನಲ್ಲಿ ಆರಂಭವಾಗಿ, ಚಿಪ್ಪಿನ ಸುಣ್ಣವು ಹೆಚ್ಚಾಗಿ ರಾತ್ರಿಯಲ್ಲಿ ಕೂಡುವುದು. ಆದಕಾರಣ ದೀಪವಾರಿಸುವುದಕ್ಕೆ ಮುಂಚಿನ ಸಂಜೆಯ ಮೇವು ಚಿಪ್ಪಿಗೆ ಮುಖ್ಯವಾದುದು. ಇಕ್ಕಟ್ಟಿನಲ್ಲಿ ಸಂಜೆಯ ತೊಟ್ಟಿಗೆ ತಲೆಹಾಕಲಾಗದ ಹಕ್ಕಿಯ ಮೊಟ್ಟೆಯು ತೆಳುಚಿಪ್ಪಿನದಾಗುವುದರಲ್ಲಿ ಆಶ್ಚರ್ಯವಿಲ್ಲ. ಇನ್ನು ಬೆದರಿದ ಹಕ್ಕಿಯು ಇಡುವ ಹೊತ್ತಿನಲ್ಲಿ ಮೊಟ್ಟೆಯನ್ನು ತಡೆಹಿಡಿದರೆ, ಚಿಪ್ಪಿನ ಬಣ್ಣದ ಮೇಲೆ ಮತ್ತೊಂದು ಸುಣ್ಣದ ಪೊರೆಯು ಕೂಡಿ ಮೊಟ್ಟೆಯು ಬೆಳ್ಳಗೆ ಮಾಸಿದಂತೆ ಕಾಣುವುದುಂಟು. ಒಂದೊಂದು ಹೆಣ್ಣಿನ ಮೊಟ್ಟೆಗೂ ಅದರದೇ ಆದ ಮಚ್ಚೆಯ ಬಗೆಯಿರುವುದರಿಂದ, ಸಣ್ಣ ಪಂಜರದಲ್ಲಿ ಜಾಣನಾದ ಆಳು ಯಾವ ಹಕ್ಕಿಯ ಮೊಟ್ಟೆಯು ಕೆಡುತ್ತಿದೆಯೆಂಬುದನ್ನು ಕೆಲವು ದಿನಗಳಲ್ಲಿಯೇ ಗುರುತುಹಚ್ಚಬಲ್ಲನು. ದೊಡ್ಡ ಪಂಜರದಲ್ಲಿ ಇದು ಆಗದು.

ಮಾಡತಕ್ಕ ಕೆಲಸ

ಇಕ್ಕಟ್ಟನ್ನು ಕಳೆಯಲು ಹೊಸ ಪಂಜರವನ್ನೇ ಕೊಳ್ಳಬೇಕೆಂದಿಲ್ಲ. ಮೊದಲು ಗಂಡುಗಳನ್ನು ತೆಗೆಯತಕ್ಕದ್ದು. ತಿನ್ನುವ ಮೊಟ್ಟೆಗೆ ಗಂಡಿನ ಆವಶ್ಯಕತೆಯೇ ಇಲ್ಲ. ಮರಿಮಾಡಿಸುವ ಮೊಟ್ಟೆಗೆ ಮಾತ್ರ ಎರಡು ಮೂರು ಹೆಣ್ಣಿಗೊಂದರಂತೆ ಗಂಡು ಬೇಕು. ಹಾಗಿದ್ದರೂ ಮೊಟ್ಟೆಯ ಪಂಜರಗಳಲ್ಲಿ ಹತ್ತಕ್ಕೆ ಎರಡು ಮೂರು ಗಂಡುಗಳು ಮೇವು ತಿನ್ನುತ್ತ, ಹೆಣ್ಣುಗಳ ಬೆನ್ನಿನ ಗರಿಯನ್ನು ಕೀಳುತ್ತ ಇರುವುದನ್ನು ಎಷ್ಟೋ ಕಡೆ ಕಾಣಬಹುದು. ಮೂರನೆಯ ವಾರದ ಹೊತ್ತಿಗೆ ಎದೆಯ ಗರಿಯಿಂದ ಲಿಂಗವು ತಿಳಿಯುವುದು: ಗಂಡಿನ ಎದೆಯು ಮಚ್ಚೆಯಿಲ್ಲದೆ ಕೆಂಗಂದು ಬಣ್ಣವಾಗಿರುವುದು, ಹೆಣ್ಣಿನದು ಮಾಸಲಾಗಿ ಕಪ್ಪು ಚುಕ್ಕೆಗಳಿಂದ ಕೂಡಿರುವುದು. ಬಿಳಿಯ ತಳಿಗಳಲ್ಲಿ ಈ ಗುರುತು ಸಲ್ಲದು.

ಹೆಣ್ಣುಗಳಲ್ಲಿ ಇಡುವುದನ್ನು ನಿಲ್ಲಿಸಿದವುಗಳನ್ನೂ ತೆಗೆದುಹಾಕಿದರೆ ಪಂಜರವು ತಾನಾಗಿಯೇ ಸಡಿಲವಾಗುವುದು. ಆದರೆ ಒಂದು ಪಂಜರದಲ್ಲಿ ಖಾಲಿಯಾದ ಸ್ಥಳಕ್ಕೆ ಬೇರೆ ಪಂಜರದ ಹಕ್ಕಿಗಳನ್ನು ತಂದು ಸೇರಿಸಬಾರದು. ಹೊಸಬನನ್ನು ಹಳಬರೆಲ್ಲರೂ ಕುಕ್ಕುವರು. ಹಿಕ್ಕೆಯ ತಟ್ಟೆಯನ್ನು ತಡಮಾಡದೆ ಬರಿದುಮಾಡುವುದು, ದಿನಕ್ಕೆ ಹದಿನಾಲ್ಕರಿಂದ ಹದಿನಾರು ಗಂಟೆ ಬೆಳಕನ್ನು ಮಂದವಾಗಿ ಕೊಡುವುದು, ಮೊಟ್ಟೆಯನ್ನು ಸಂಜೆ ಒಮ್ಮೆ ಮತ್ತು ಬೆಳಗ್ಗೆ ಒಮ್ಮೆ ಆರಿಸುವುದು, ಇವು ಹೇಗೂ ನಡೆಯಬೇಕಾದುವು.

ತನ್ನ ಊರಿನ ಹವೆಗೂ ತನ್ನಲ್ಲಿರುವ ತಳಿಗೂ ಯಾವ ಸಂಖ್ಯೆಯು ಸರಿಯೆಂಬುದನ್ನು ಸಾಕುವವನು ತಾನೇ ಪರೀಕ್ಷಿಸಿಕೊಳ್ಳಬಹುದು. ಒಂದೇ ದಿನ ಮರಿಯೊಡೆದ ಹೆಣ್ಣುಗಳಲ್ಲಿ, ಹತ್ತನೆಯ ವಾರ ಕಳೆದ ಮೇಲೆ, ಒಂದೇ ಅಳತೆಯ ಎರಡು ಪಂಜರಗಳನ್ನು ಒಂದೇ ಸಾಲಿನಲ್ಲಿ ಒಂದೇ ಎತ್ತರದಲ್ಲಿ ಇಟ್ಟು, ಒಂದರಲ್ಲಿ ಚದರಡಿಗೆ ಐದರಂತೆಯೂ ಇನ್ನೊಂದರಲ್ಲಿ ಆರರಂತೆಯೂ ಹಕ್ಕಿಗಳನ್ನು ಬಿಡತಕ್ಕದ್ದು. ಮೊದಲ ವಾರವು ಹಕ್ಕಿಗಳು ಹೊಂದಿಕೊಳ್ಳುವುದಕ್ಕೆ ಹೋಗುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಅನಂತರ 28 ದಿನಗಳವರೆಗೆ ಪಂಜರಕ್ಕೊಂದರಂತೆ ಹಾಳೆಯನ್ನಿಟ್ಟು, ತೂಗಿ ಹಾಕಿದ ಮೇವು, ಇಟ್ಟ ಮೊಟ್ಟೆ, ಒಡೆದ ಮತ್ತು ಕೊಳೆಯಾದ ಮೊಟ್ಟೆ, ಸತ್ತ ಹಕ್ಕಿ ಇವಿಷ್ಟನ್ನು ದಿನವೂ ಬರೆಯಬೇಕು. ವಾರಕ್ಕೊಮ್ಮೆ ಪಂಜರಕ್ಕೆ ಇಪ್ಪತ್ತು ಮೊಟ್ಟೆಗಳನ್ನು ಒಟ್ಟಿಗೆ ತೂಗಿ ತೂಕವನ್ನೂ ಗುರುತಿಸಬೇಕು. ಎರಡನೆಯ ಪಂಜರದಲ್ಲಿ ಹೆಚ್ಚಾಗಿ ದೊರೆತ ಮಾರತಕ್ಕ ಮೊಟ್ಟೆಗಳ ಕ್ರಯದಿಂದ, ಹೆಚ್ಚಾಗಿ ಖರ್ಚಾದ ಮೇವಿನ ಮತ್ತು ಸತ್ತ ಹಕ್ಕಿಗಳ ಕ್ರಯವನ್ನು ಕಳೆದು ನೋಡತಕ್ಕದ್ದು. ಚಳಿಗಾಲದಲ್ಲಿ ಮಾಡಿದ ಈ ಪರೀಕ್ಷೆಯು ಬೇಸಗೆಗೆ ಸಲ್ಲದಾದ್ದರಿಂದ, ಮಾರ್ಚ್ ತಿಂಗಳ ಕೊನೆಯಲ್ಲಿ ಮತ್ತೊಮ್ಮೆ ಹೊಸ ಹಾಳೆಗಳನ್ನು ಆರಂಭಿಸುವುದು ಅವಶ್ಯಕ.